ಡಂಪ್ ಅಂದರೆ ಗುಡ್ಡ

ಒಂದೇ ತಿಂಗಳಲ್ಲಿ ಮೂರು ಸಲ ಸತ್ತಿತ್ತು ಅದು,
ಯಾರಿಗೂ ಒಂದು ಮಾತು ಹೇಳದೆ.
ಲಾಗಿನ ಕೊನೆಯ ಸಾಲು ಪ್ರತಿ ಸಲವೂ
ಯಾವುದೋ ಬಾಕ್ಸಿನ ತೂಕ,
ಹದಿನೈದು ಕಿಲೋ, ನಾಟಿ, ಲಾಟ್ ನಂಬರಿನ ಅರ್ಧ.
ಆಮೇಲೆ ಬೋಳು.

ಕೋಲಾರದ ಮಾರುಕಟ್ಟೆಯಲ್ಲಿ ಟೊಮೆಟೊ ಕಾಯುವುದಿಲ್ಲ.
ಪರದೆ ಕಪ್ಪಾದರೆ ಹರಾಜು ಬಾಯಿಗೆ ಬರುತ್ತದೆ,
ಬಾಯಿಂದ ಕೈಗೆ, ಕೈಯಿಂದ ಕೊರಳಪಟ್ಟಿಗೆ.
ಮಂಡಿಯ ಗುಲ್ಜಾರ್ ಪಾಷಾ ಬಯ್ಯಲಿಲ್ಲ. ಕೇಳಿದ್ದು ಇಷ್ಟೇ:
"ಮತ್ತೆ ಓಡಿಸಿದ್ರಿ, ಸರಿ ಮೇಡಂ. ನಿಂತಿದ್ದು ಯಾಕೆ?"
ನನ್ನ ಹತ್ತಿರ ಇದ್ದದ್ದು ರೀಸ್ಟಾರ್ಟ್ ಒಂದೇ.

ಅರುಳ್‌ದಾಸ್ ಬಂದದ್ದು ರಾತ್ರಿ ಹನ್ನೊಂದಕ್ಕೆ,
ಚಾಂಪಿಯನ್ ರೀಫ್‌ನಿಂದ ಬೈಕಿನಲ್ಲಿ,
ಸ್ವೆಟರಿನೊಳಗೆ ಲ್ಯಾಪ್‌ಟಾಪು.
"ಡಂಪ್ ಎಲ್ಲಿ ಬೀಳ್ತದೆ?"
ಎಲ್ಲೂ ಇಲ್ಲ ಅಂದೆ. ನಕ್ಕ.
"ನಮ್ಮೂರಲ್ಲಿ ಡಂಪ್ ಅಂದರೆ ಗುಡ್ಡ, ಅಕ್ಕಾ.
ಗಣಿ ಸತ್ತು ಇಪ್ಪತ್ತು ವರ್ಷ ಮೇಲಾಯ್ತು, ಗುಡ್ಡ ಹಾಗೇ ಇದೆ.
ಬೇಸಿಗೆ ಗಾಳಿಗೆ ಸೈನೈಡ್ ಧೂಳು ಎದ್ದು
ಅಮ್ಮ ಒಣಹಾಕಿದ ಸೀರೆ ಮೇಲೆ ಕೂರ್ತದೆ.
ಅರೆದು, ತೊಳೆದು, ಬೇಡ ಅಂತ ಸುರಿದದ್ದು ಅದು.
ಅದರಲ್ಲೂ ಟನ್ನಿಗೆ ಇಷ್ಟು ಅಂತ ಚಿನ್ನ ಇದೆಯಂತೆ.
ಸಾಯೋದು ಏನಾದರೂ ಬಿಟ್ಟು ಸಾಯಬೇಕು."

ಬೂಟ್ ಆಗುವಾಗಲೇ ಬೇಲಿ ಹಾಕಬೇಕು:
ಇಷ್ಟು ಮೆಮೊರಿ ಯಾರದ್ದೂ ಅಲ್ಲ.
ಡೇಟಾಬೇಸು ಹಸಿದು ಅತ್ತರೂ ಕೊಡುವಂತಿಲ್ಲ.
ಅಲ್ಲಿ ಎರಡನೆಯ ಕರ್ನಲ್, ಪುಟ್ಟದು,
ತಲೆದೆಸೆಯಲ್ಲಿ ಗಂಟು ಇಟ್ಟುಕೊಂಡು ಮಲಗಿರುತ್ತದೆ.
ದೊಡ್ಡದು ಬದುಕಿರುವಷ್ಟು ದಿನ ಇದಕ್ಕೆ ಕೆಲಸವಿಲ್ಲ.

ನನ್ನ ಸೋದರತ್ತೆ ಮುನಿರತ್ನಮ್ಮ ಹಾಗೇ.
ಯಾರ ಮನೆಯಲ್ಲಿ ಸಾವಾದರೂ ಮೊದಲು ಹೊಸಲು ದಾಟುವವಳು ಅವಳು:
ಹೆಣಕ್ಕೆ ನೀರು ಹಾಕಿ, ಮೈಮೇಲಿನ ಒಡವೆ ಎಣಿಸಿ ಹೇಳಿ,
ದಿಂಬಿನಡಿಯ ಚೀಟಿಗಳನ್ನು ಒಂದೂ ಬಿಡದೆ ಕೊಟ್ಟು,
ಊಟಕ್ಕೆ ನಿಲ್ಲದೆ ಹೊರಡುವವಳು.
ಮದುವೆಗೆ ಅವಳನ್ನು ಕರೆಯುವುದು ಎಲ್ಲರಿಗೂ ಮರೆತುಹೋಗುತ್ತದೆ.

"ಹೊಂದಿಸಿದ್ದೀವಿ ಅಂತ ನಂಬಬಾರದು. ಕೊಂದು ನೋಡಬೇಕು."
ಹರಾಜಿನ ಲೆಕ್ಕವೆಲ್ಲ ಡಿಸ್ಕಿಗೆ ಇಳಿಸಿದೆವು, ಎರಡೆರಡು ಸಲ.
ಕೊಲ್ಲುವುದಕ್ಕೆ ಒಂದೇ ಅಕ್ಷರ ಸಾಕು: ಸಿ.
ಚಹಾ ತಂದ ವಾಚ್‌ಮನ್ ಪಿಳ್ಳಪ್ಪ ಬಾಗಿಲಲ್ಲೇ ನಿಂತ.
"ಚೆನ್ನಾಗಿ ಓಡ್ತಾ ಐತಲ್ಲಮ್ಮಾ, ಯಾಕ್ ಸಾಯಿಸ್ತೀರ?"
ಹೇಳುವುದಕ್ಕೆ ಬಾಯಿ ತೆರೆದೆ. ಬೆರಳು ಒತ್ತಿಯಾಗಿತ್ತು.

ಮೊದಲ ಸಲ ಪುಟ್ಟದು ಎದ್ದಿತು,
ಉಸಿರಾಡಲು ಜಾಗ ಸಾಲದೆ ಅದೂ ಸತ್ತಿತು.
ಒಂದು ಮನೆಯಲ್ಲಿ ಎರಡು ಸಾವು, ಚೀಟಿ ಒಂದೂ ಇಲ್ಲ.
ಬೇಲಿಯನ್ನು ಆಚೆ ಸರಿಸಿದೆವು.
ಎರಡನೆಯ ಸಲ ಎದ್ದು, ಕೂತು, ಕತ್ತಲೆಯಲ್ಲಿ ತಡಕಾಡಿತು.
ಡಿಸ್ಕು ಎಲ್ಲಿದೆ ಅಂತ ಅದಕ್ಕೆ ಗೊತ್ತಿರಲಿಲ್ಲ;
ಗಂಟಿನಲ್ಲಿ ಆ ಡ್ರೈವರ್ ಕಟ್ಟುವುದನ್ನೇ ನಾವು ಮರೆತಿದ್ದೆವು.
ಚಹಾದ ಮೇಲೆ ಕೆನೆ ಕಟ್ಟಿತ್ತು.

ಎರಡೂ ಮುಕ್ಕಾಲಿಗೆ ಮೂರನೆಯ ಸಲ.
ಕಪ್ಪು ಪರದೆಯ ಮೇಲೆ ಶೇಕಡಾ ಎರಡು, ಒಂಬತ್ತು,
ನಲವತ್ತರಲ್ಲಿ ತುಂಬ ಹೊತ್ತು,
ಖಾಲಿ ಪುಟಗಳನ್ನು ಜರಡಿಯಲ್ಲಿ ಆಚೆಗೆ ಚೆಲ್ಲುತ್ತ
ಸತ್ತದ್ದರ ನೆನಪನ್ನೆಲ್ಲ ಅದು ಹೊತ್ತು ತರುತ್ತಿತ್ತು.
ಅರುಳ್‌ದಾಸ್ ಮಾತಾಡಲಿಲ್ಲ. ನೂರು ಅಂತ ಬಂದಾಗ
ತನ್ನ ಮೊಣಕಾಲನ್ನು ತಾನೇ ತಟ್ಟಿಕೊಂಡ.

ಫೈಲು ತೆರೆದೆವು.
ಈ ಸಲ ಕೊನೆಯ ಸಾಲು ಅರ್ಧಕ್ಕೆ ನಿಂತಿರಲಿಲ್ಲ:
ಎಷ್ಟು ಗಂಟೆ, ಎಷ್ಟನೆಯ ಸೆಕೆಂಡು,
ಯಾವ ಶೆಲ್ಲಿನಿಂದ, ಯಾರ ಅಪ್ಪಣೆ.
ಮರಣ ಹೇಳಿಕೆ ಅಂದರೆ ಹಾಗಿರಬೇಕು.
ಕೊಂದವಳು ಎದುರಿಗೇ ಕುರ್ಚಿಯಲ್ಲಿ ಕೂತು ಓದಿದೆ.

ಹೊರಗೆ ಮುಳಬಾಗಿಲು ಕಡೆಯ ಮೊದಲ ಗಾಡಿ,
ಬಾಕ್ಸು ಇಳಿಸುವ ದಡಬಡ.
ಇನ್ನು ಕಾಯುವುದು, ಅದು ತಾನಾಗಿ ಸಾಯುವ ದಿನಕ್ಕೆ.
ಸಾಯದಿರಲಿ ಅಂತಲೂ ಅನ್ನಿಸುತ್ತದೆ,
ಯಾಕೆ ಅಂತ ಗೊತ್ತಾಗಲಿ ಅಂತಲೂ.

ಬೈಕಿಗೆ ಒದೆ ಕೊಡುತ್ತ ಅರುಳ್‌ದಾಸ್ ಕೂಗಿದ:
"ಸತ್ತರೆ ಫೋನ್ ಮಾಡಿ, ಅಕ್ಕಾ!"
ಗೇಟಿನಲ್ಲಿ ಪಿಳ್ಳಪ್ಪ ಬೆಚ್ಚಿ ತಿರುಗಿ ನೋಡಿದ.